ದೂರದ ಆಯುಧ ಯಾರ ಕೈಲಿ?

ಆಯುಧಗಳಲ್ಲಿ ಎರಡು ಬಗೆ. ಹತ್ತಿರ ಹೋಗಿ ಹೊಡೆಯೋದು ಒಂದು, ನಿಂತಲ್ಲೇ ನಿಂತು ದೂರಕ್ಕೆ ಬೀಸೋದು ಇನ್ನೊಂದು. ಮಚ್ಚು, ಕತ್ತಿ, ಗದೆ ಮೊದಲನೆಯ ಬಗೆ. ಬಿಲ್ಲು, ಈಟಿ, ಕವಣೆ ಎರಡನೆಯ ಬಗೆ. ಕತ್ತಿ ಹಿಡಿದವನು ಪೆಟ್ಟು ಕೊಡಬೇಕಾದರೆ ಪೆಟ್ಟು ತಿನ್ನಲೂ ತಯಾರಿರಬೇಕು. ಬಿಲ್ಲು ಹಿಡಿದವನಿಗೆ ಆ ಭಯ ಕಮ್ಮಿ. ತನಗೇನೂ ತಾಕದ ಜಾಗದಲ್ಲಿ ನಿಂತು ಇನ್ನೊಬ್ಬನಿಗೆ ತಾಕಿಸುವ ಅನುಕೂಲ ಅವನದು.

ಕೇರಿಯಲ್ಲಿ ಹುಟ್ಟಿದವರಿಗೆ ಈ ಮಾತು ಕೇಳಿದ ಕೂಡಲೇ ಬೇರೇನೋ ನೆನಪಾಗುತ್ತದೆ. ದೂರ ಅನ್ನೋದು ನಮಗೆ ಹೊಸ ವಿಷಯವಲ್ಲ. ಹೋಟೆಲಿನ ಹೊರಗೆ ಸಿಕ್ಕಿಸಿಟ್ಟ ಬೇರೆ ಲೋಟ, ಬಾವಿಗೆ ಇಷ್ಟು ಹತ್ತಿರ ಬರಬೇಡ ಅನ್ನೋ ಗದರಿಕೆ, ಕೂಲಿ ಕಾಸನ್ನು ಕೈಗೆ ಕೊಡದೆ ನೆಲಕ್ಕೆ ಬಿಸಾಕೋದು, ಬೊಗಸೆಗೆ ಮೇಲಿಂದ ನೀರು ಹುಯ್ಯೋದು, ಇವೆಲ್ಲ ದೂರದಿಂದ ಹೊಡೆಯುವ ಆಯುಧಗಳೇ. ಹೊಡೆದವನ ಮೈಗೆ ನಮ್ಮ ಗಾಳಿ ಕೂಡ ಸೋಕಲಿಲ್ಲ. ಪೆಟ್ಟು ಮಾತ್ರ ನಮಗೆ ಬಿತ್ತು.

ಹೀಗಿರುವಾಗ ಒಂದು ಆಟದ ನೆಪದಲ್ಲಿ ‘ನಿನಗೆ ಯಾವ ಆಯುಧ ಬೇಕು, ಯಾವ ಶಕ್ತಿ ಬೇಕು, ನೀನೇ ಆರಿಸಿಕೋ’ ಎಂಬ ಪ್ರಶ್ನೆ ನಮ್ಮ ಮುಂದೆ ಬಂತು. ಅದನ್ನು ಬರೀ ಆಟ ಅಂತ ತಳ್ಳಿಹಾಕುವ ಮನಸ್ಸು ನಮಗೆ ಬರಲಿಲ್ಲ. ನಾವು ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಈ ನಾಲ್ಕು ಕಡೆಯ ಏಳು ಜನ. ಇಬ್ಬರು ಪ್ರೈಮರಿ ಶಾಲೆ ಮೇಷ್ಟ್ರು, ಮೂವರು ಓದುವ ಹುಡುಗರು, ಬಿ.ಎಡ್. ಮಾಡುತ್ತಿರುವ ಒಬ್ಬ ಹುಡುಗಿ, ಕೇರಿಯ ನಾಟಕಗಳಲ್ಲಿ ಪಾರ್ಟು ಮಾಡಿ ಮಾಡಿ ಕೂದಲು ನೆರೆಸಿಕೊಂಡ ಒಬ್ಬ ದೊಡ್ಡಪ್ಪ.

ಪಾತ್ರ ಆರಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಕೆ.ಆರ್.ನಗರದ ನಾಲೆ ಬಯಲಿನ ಊರುಗಳಲ್ಲಿ, ಹುಣಸೂರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಊರುಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಗಂಟಲು ನೋಡುತ್ತಾರೆ, ಪಾರ್ಟಿಗೆ ಇಷ್ಟು ಅಂತ ದುಡ್ಡು ಗೊತ್ತಾಗುತ್ತದೆ. ಕೃಷ್ಣ, ದುರ್ಯೋಧನ, ಅರ್ಜುನ, ಕರ್ಣ ಅಂದರೆ ಜಾಸ್ತಿ. ಎರಡು ಮಾತಾಡಿ ಒಳಗೆ ಹೋಗುವ ಪಾರ್ಟಿಗೆ ಕಮ್ಮಿ. ಗಾಂಡೀವ ಹಿಡಿಯಬೇಕಾದರೆ ಕಂಠ ಬೇಕು, ಕಾಸು ಬೇಕು. ಬಾಯಿಬಿಟ್ಟು ಯಾರೂ ಹೇಳದ ಮೂರನೆಯದೊಂದು ಬೇಕಿತ್ತು. ಅದು ಹುಟ್ಟು.

ದೊಡ್ಡಪ್ಪ ಹರೆಯದಲ್ಲಿದ್ದಾಗ ಅವರ ಊರಲ್ಲಿ ನಾಟಕದ ಬಿಲ್ಲಿಗೆ ಬಿದಿರು ಸೀಳಿದವರು ಕೇರಿಯವರು. ಬೆಂಕಿಯಲ್ಲಿ ಹದ ಮಾಡಿ ಬಾಗಿಸಿ, ಬಣ್ಣದ ಕಾಗದ ಸುತ್ತಿ ಕೊಟ್ಟವರು ಕೇರಿಯವರು. ಗ್ಯಾಸ್‌ಲೈಟು ಹೊತ್ತವರು, ತಮಟೆ ಬಡಿದು ಸುತ್ತಲ ಊರಿಗೆ ಸಾರಿದವರು ಕೇರಿಯವರು. ಆ ಬಿಲ್ಲು ಹೆಗಲಿಗೇರಿಸಿ ರಂಗದ ಮೇಲೆ ನಿಂತವನು ಮಾತ್ರ ಊರವನು. ದೊಡ್ಡಪ್ಪನ ಬಾಯಲ್ಲೇ ಕೇಳಿ: “ಬಿಲ್ ಮಾಡಕ್ಕೆ ನಮ್ ಕೈ ಆಯ್ತದೆ, ಹಿಡಿಯಕ್ಕೆ ಆಗಕಿಲ್ವಾ ಸೋಮಿ ಅಂತ ಕೇಳ್ದೊ. ಯಜಮಾನ್ರು ನಕ್ಬುಟ್ರು. ಬಯ್ದಿದ್ರೆ ತಡ್ಕಬೋದಾಗಿತ್ತು ಕಣ್ ಮಗ, ನಕ್ಬುಟ್ರಲ್ಲ.” ಮಾರನೆಯ ವರ್ಷ ಕೇರಿಯವರೇ ಒಂದು ನಾಟಕ ಕಟ್ಟಿದರು. ಮೂರು ತಿಂಗಳು ಲಾಟೀನು ಬೆಳಕಲ್ಲಿ ತಾಲೀಮು. ಯಾರಿಗೆ ಯಾವ ಪಾರ್ಟು ಅಂತ ಕೂತಾಗ ಅರ್ಜುನನ ಪಾರ್ಟು ನಂಗೆ ಬ್ಯಾಡ ನಂಗೆ ಬ್ಯಾಡ ಅಂದರಂತೆ. ಕರ್ಣನ ಪಾರ್ಟಿಗೆ ಐದು ಜನ ಬಿದ್ದು ಕಿತ್ತಾಡಿದರಂತೆ. ದೊಡ್ಡಪ್ಪನಿಗೆ ಅದು ಸಿಕ್ಕಿತು.

ಯಾಕೆ ಕರ್ಣ? ಗೆಳೆಯರೆ, ಮಹಾಭಾರತವನ್ನು ಒಂದು ಸಲ ಆಯುಧಗಳ ಲೆಕ್ಕಪುಸ್ತಕ ಅಂತ ಓದಿ ನೋಡಿ. ಯಾರಿಗೆ ಯಾವ ದೂರದ ಆಯುಧ ಸಿಕ್ಕಿತು, ಅದಕ್ಕೆ ಯಾರು ಬೆಲೆ ತೆತ್ತರು ಅಂತ ಒಂದು ಪಟ್ಟಿ ಮಾಡಿ.

ಅರ್ಜುನನ ಗಾಂಡೀವ, ಬಾಣ ತೀರದ ಎರಡು ಬತ್ತಳಿಕೆ ಬಂದದ್ದು ಖಾಂಡವವನ ಸುಡುವ ಹೊತ್ತಿಗೆ. ಅಗ್ನಿಗೆ ಕಾಡು ತಿನ್ನುವ ಹಸಿವು. ವರುಣನಿಂದ ಬಿಲ್ಲು ತರಿಸಿಕೊಟ್ಟ. ಅರ್ಜುನನೂ ಕೃಷ್ಣನೂ ಕಾಡಿನ ಸುತ್ತ ನಿಂತು, ಬೆಂಕಿಯಿಂದ ತಪ್ಪಿಸಿಕೊಂಡು ಓಡಿಬಂದ ಪ್ರಾಣಿ, ಪಕ್ಷಿ, ನಾಗರನ್ನು ಹೊಡೆದು ಬೆಂಕಿಗೇ ಕೆಡವಿದರು. ಬೆಲೆ ತೆತ್ತದ್ದು ಕಾಡು, ಬಿಲ್ಲು ಪಡೆದದ್ದು ಅರ್ಜುನ. ನಮ್ಮೊಳಗೆ ಎಚ್.ಡಿ.ಕೋಟೆಯ ಹಾಡಿಯಿಂದ ಬಂದ ಒಬ್ಬ ಹುಡುಗ ಇದ್ದಾನೆ. ಅವನ ತಾತನನ್ನು ಕಾಡಿನಿಂದ ಹೊರಗೆ ಹಾಕಿದ್ದರು. ಈ ಕತೆ ಕೇಳಿ ತುಂಬ ಹೊತ್ತು ಸುಮ್ಮನಿದ್ದು, “ಕಾಡು ಸುಟ್ಟೋನ್ಗೆ ಬಿಲ್ಲು ಕೊಟ್ರು, ಕಾಡಲ್ಲಿದ್ದೋನ್ ಬೆರಳು ಕಿತ್ಕಂಡ್ರು” ಅಂದ.

ಕರ್ಣನ ಲೆಕ್ಕ ಬೇರೆ. ಅಸ್ತ್ರವಿದ್ಯೆ ಕಲಿಯಬೇಕಾದರೆ ಹುಟ್ಟು ಮುಚ್ಚಿಡಬೇಕಾಯಿತು. ಬ್ರಾಹ್ಮಣ ಅಂತ ಹೇಳಿಕೊಂಡು ಪರಶುರಾಮನ ಹತ್ತಿರ ಕಲಿತ. ನಿಜ ಗೊತ್ತಾದಾಗ ಗುರು ಅವನ ಕಲಿಕೆಯಲ್ಲಿ ಕೊರೆ ಹುಡುಕಲಿಲ್ಲ, ಹುಟ್ಟು ಹುಡುಕಿ ಶಾಪ ಕೊಟ್ಟ. ಬೇಕಾದ ಗಳಿಗೆಯಲ್ಲೇ ಮಂತ್ರ ಮರೆತುಹೋಗಲಿ ಅಂತ. ಮೈಗಂಟಿದ ಕವಚಕುಂಡಲ ಕೊಯ್ದುಕೊಟ್ಟು ಇಂದ್ರನಿಂದ ಪಡೆದ ಶಕ್ತ್ಯಾಯುಧ ಒಂದೇ ಸಲ ಬಳಸುವಂಥದು. ಅರ್ಜುನನಿಗೆ ಅಂತ ಜೋಪಾನ ಮಾಡಿದ್ದ ಆ ಪೆಟ್ಟಿಗೆ ಎದೆಯೊಡ್ಡಿದವನು ಘಟೋತ್ಕಚ, ಕಾಡಿನ ಹಿಡಿಂಬಿಯ ಮಗ. ಹುಟ್ಟು ಮುಚ್ಚಿಟ್ಟವನ ಆಯುಧಕ್ಕೆ ಕಾಡಿನವಳ ಮಗ ಬಲಿ. ಕಲಿಯೋದಕ್ಕೇ ಸುಳ್ಳು ಹೇಳಬೇಕಾದ ಸಂಕಟ ಕೇರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೇಟೆಯಲ್ಲಿ ಬಾಡಿಗೆ ರೂಮು ಹುಡುಕಿದ ಹುಡುಗರನ್ನು ಕೇಳಿ.

ಇನ್ನು ಏಕಲವ್ಯ. ನಿಷಾದರ ಹುಡುಗ, ದ್ರೋಣ ಸೇರಿಸಿಕೊಳ್ಳಲಿಲ್ಲ. ಮಣ್ಣಿನ ಗುರುವನ್ನು ಮಾಡಿಕೊಂಡು ತಾನೇ ಕಲಿತ. ಬೊಗಳುವ ನಾಯಿಯ ಬಾಯಿಗೆ ಏಳು ಬಾಣ ಬಿಟ್ಟ. ದ್ರೋಣ ಕೇಳಿದ್ದು ಬಲಗೈ ಹೆಬ್ಬೆರಳು. ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ದ್ರೋಣ ಬಿಲ್ಲನ್ನು ಕೇಳಲಿಲ್ಲ. ಬಿಲ್ಲು ಕಿತ್ತುಕೊಂಡಿದ್ದರೆ ಏಕಲವ್ಯ ಮಾರನೆಯ ದಿನ ಇನ್ನೊಂದು ಬಿದಿರು ಕಡಿಯುತ್ತಿದ್ದ. ಆಯುಧ ಬೇರೆ, ಶಕ್ತಿ ಬೇರೆ ಅಂತ ದ್ರೋಣನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಶಕ್ತಿಯನ್ನೇ ಕೇಳಿದ. ಕುವೆಂಪು ಈ ಬೆರಳಿಗೆ ಕೊರಳಿನ ಲೆಕ್ಕ ಹಾಕಿ ‘ಬೆರಳ್‌ಗೆ ಕೊರಳ್’ ಅಂತ ನಾಟಕವನ್ನೇ ಬರೆದರು.

ನಮ್ಮ ತಾತಂದಿರ ಹೆಬ್ಬೆರಳನ್ನು ಯಾರೂ ಕತ್ತರಿಸಲಿಲ್ಲ. ಒತ್ತಿಸಿಕೊಂಡರು. ಸಾಲದ ಪತ್ರಕ್ಕೆ, ಜೀತದ ಪತ್ರಕ್ಕೆ, ಜಮೀನು ಬರೆದುಕೊಟ್ಟ ಪತ್ರಕ್ಕೆ. ಹೆಬ್ಬೆಟ್ಟು ಅನ್ನುವ ಮಾತೇ ನಮ್ಮಲ್ಲಿ ಓದಿಲ್ಲದವನ ಹೆಸರಾಗಿ ಹೋಯಿತು. ಜೀತ ನಿಲ್ಲಿಸುವ ಕಾನೂನು ಬಂದದ್ದು 1976ರಲ್ಲಿ. ಅಲ್ಲಿಯವರೆಗೆ ಒತ್ತಿದ ಹೆಬ್ಬೆಟ್ಟುಗಳ ಲೆಕ್ಕ ಯಾವ ಪುರಾಣದಲ್ಲಿದೆ? ಇನ್ನೊಂದು ಮಾತು. ಇವತ್ತು ಒಲಿಂಪಿಕ್ಸಿನಲ್ಲಿ ಬಿಲ್ಲು ಹಿಡಿಯುವವರು ಹೆದೆ ಎಳೆಯೋದು ಹೆಬ್ಬೆರಳಿನಿಂದಲ್ಲ, ತೋರುಬೆರಳು, ನಡುಬೆರಳು, ಉಂಗುರಬೆರಳು ಈ ಮೂರರಿಂದ. ಶಕ್ತಿ ಒಂದು ಬೆರಳಲ್ಲಿರಲಿಲ್ಲ. ಕಲಿಯುವ ಅವಕಾಶದಲ್ಲಿತ್ತು.

ಈಗ ಆಟಕ್ಕೆ ಬರೋಣ. ಮೈಸೂರಿನಲ್ಲಿ ಬೂಸಾ ಗಲಾಟೆ ನಡೆದದ್ದು 1973ರ ನವೆಂಬರಿನಲ್ಲಿ. ಮರುವರ್ಷ, 1974ರಲ್ಲಿ, ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನ್‌ಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅನ್ನೋ ಆಟ ಹೊರತಂದರು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಹುಡುಗನೊಬ್ಬ ಅದನ್ನು ಕಲಿತು ಬಂದು ನಮ್ಮ ಚಾಪೆ ಮೇಲೆ ಹಾಸಿದ. ಇದು ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವ ನಾಟಕ. ಒಬ್ಬರು ಕತೆ ನಡೆಸುತ್ತಾರೆ, ಮಿಕ್ಕವರು ಒಂದೊಂದು ಪಾತ್ರ. ಮಾತು ಬರೆದಿಟ್ಟಿರುವುದಿಲ್ಲ. ಬಾಣ ತಾಕಿತೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ.

ಪ್ರತಿ ಪಾತ್ರಕ್ಕೆ ಆರು ಶಕ್ತಿ: ಬಲ, ಕೈಚಳಕ, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. 15, 14, 13, 12, 10, 8 ಈ ಆರು ಅಂಕಿಯನ್ನು ನಿಮಗೆ ಬೇಕಾದ ಹಾಗೆ ಹಂಚಿಕೊಳ್ಳಬಹುದು. ದೂರದ ಆಯುಧಕ್ಕೆ ಬೇಕಾದ್ದು ಮುಖ್ಯವಾಗಿ ಕೈಚಳಕ. ಅದು 16 ಇದ್ದವನ ದಾಳಕ್ಕೆ 3 ಸೇರುತ್ತದೆ, 8 ಇದ್ದವನ ದಾಳದಿಂದ 1 ಕಳೆಯುತ್ತದೆ. ಕೈಯಿಂದ ಎಸೆಯುವ ಈಟಿಗೆ ಮಾತ್ರ ಬಲವೇ ಸಾಕು. ಹಾಗಾಗಿ ಮೂಟೆ ಹೊತ್ತು ತೋಳು ಗಟ್ಟಿಯಾದ ಪಾತ್ರ ನಿಮ್ಮದಾದರೆ ಈಟಿ ತಗೊಳ್ಳಿ. ಕೈಚಳಕದ ಪಾತ್ರವಾದರೆ ಬಿಲ್ಲೋ ಕವಣೆಯೋ ತಗೊಳ್ಳಿ.

ಆಯುಧಗಳಿಗೆ ಬೆಲೆ ಉಂಟು, ದೂರ ಉಂಟು. ಉದ್ದಬಿಲ್ಲು 50 ಚಿನ್ನದ ನಾಣ್ಯ. 150 ಅಡಿವರೆಗೆ ಸಲೀಸಾಗಿ ಹೊಡೆಯುತ್ತದೆ, 600 ಅಡಿವರೆಗೆ ಕಷ್ಟಪಟ್ಟು ಮುಟ್ಟುತ್ತದೆ. ತಾಕಿದರೆ ಎಂಟು ಮುಖದ ದಾಳದಷ್ಟು ಪೆಟ್ಟು. ಗಿಡ್ಡಬಿಲ್ಲು 25 ಚಿನ್ನ, 80 ಅಡಿ, 320 ಅಡಿ. ಕವಣೆಗೆ 30 ಅಡಿ, 120 ಅಡಿ, ನಾಲ್ಕು ಮುಖದ ದಾಳದ ಪೆಟ್ಟು. ಬೆಲೆ ಒಂದೇ ಒಂದು ಬೆಳ್ಳಿ ನಾಣ್ಯ. ಹತ್ತು ಬೆಳ್ಳಿಗೆ ಒಂದು ಚಿನ್ನ. ಮೇಷ್ಟ್ರೊಬ್ಬರು ಬೆರಳೆಣಿಸಿ ಲೆಕ್ಕ ಹಾಕಿದರು: ಒಂದು ಉದ್ದಬಿಲ್ಲಿನ ಬೆಲೆಗೆ 500 ಕವಣೆ ಬರುತ್ತದೆ.

ಹುಡುಗರೆಲ್ಲ ಉದ್ದಬಿಲ್ಲಿಗೆ ಕೈಹಾಕಿದರು. ದೊಡ್ಡಪ್ಪ ಕವಣೆ ಕೇಳಿದ. “ಅಯ್ಯೋ ದೊಡ್ಡಪ್ಪ, ಅದು ತೀರಾ ಸಣ್ಣದು” ಅಂದರು. “ಸುಮ್ನಿರ್ಲಾ. ಬಿಲ್ಗೆ ಬಾಣ ಬೇಕು. ಬಾಣ ಮುಗುದ್ಮೇಲೆ ಏನ್ ಮಾಡೀಯೆ? ಕಲ್ಲು ನೆಲದ್ ತುಂಬಾ ಬಿದ್ದವೆ” ಅಂದ. ಹರೆಯದಲ್ಲಿ ಯಾರದೋ ಜೋಳದ ಹೊಲದ ಅಟ್ಟಣೆ ಮೇಲೆ ನಿಂತು ಗಿಣಿ ಓಡಿಸಿದ ಕೈ ಅದು. ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಹೆಬ್ಬೆರಳು ತೋರುಬೆರಳಿನ ಸಂದಿಗೆ. ತಲೆ ಮೇಲೆ ತಿರುಗಿಸಿ ಗಳಿಗೆ ನೋಡಿ ಬಿಟ್ಟರೆ ಕಲ್ಲು ಸುಯ್ ಅಂತ ಹೋಗುತ್ತದೆ. ಬಿಡುವ ಗಳಿಗೆ ಗೊತ್ತಿರೋದೇ ಶಕ್ತಿ. ಹಗ್ಗಕ್ಕೆ ಏನು ಬೆಲೆ?

ಆದರೆ ಆಟದಲ್ಲೂ ದ್ರೋಣ ಇದ್ದ. 2014ರ ನಿಯಮ ಪುಸ್ತಕದಲ್ಲಿ ಎಲ್ಫ್ ಎಂಬ ಕುಲದಲ್ಲಿ ಹುಟ್ಟಿದ ಪಾತ್ರಕ್ಕೆ ಕೈಚಳಕ ತಾನಾಗೇ 2 ಹೆಚ್ಚು. ಆ ಕುಲದ ಎರಡು ಒಳಪಂಗಡಕ್ಕೆ ಉದ್ದಬಿಲ್ಲಿನ ಪಳಗು ಹುಟ್ಟಿನಿಂದಲೇ ಬರುತ್ತದೆ, ಕಲಿಯುವ ಕೆಲಸವೇ ಇಲ್ಲ. 2016ರ ಇನ್ನೊಂದು ಪುಸ್ತಕದಲ್ಲಿ ಆರ್ಕ್ ಎಂಬ ಕುಲಕ್ಕೆ ಬಲ 2 ಹೆಚ್ಚು, ಬುದ್ಧಿ 2 ಕಮ್ಮಿ ಅಂತ ಅಚ್ಚು ಹಾಕಿದ್ದರು. ಇದನ್ನು ಓದಿದಾಗ ನಮಗೆ ನಗು ಬಂತು, ಸಿಟ್ಟೂ ಬಂತು. ಕುಲಕ್ಕೆ ಇಷ್ಟು ಬುದ್ಧಿ, ಇಷ್ಟು ಬಲ ಅಂತ ಹಂಚುವ ಪುಸ್ತಕ ನಾವು ಮೊದಲೇ ಕಂಡಿದ್ದೇವಲ್ಲ. ಅದೊಂದನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದೂ ನಮಗೆ ಗೊತ್ತು.

ಆಟದವರ ಪುಸ್ತಕಕ್ಕೂ ಪ್ರಶ್ನೆ ಬಂತು. ಆಡುವವರೇ ಕೇಳಿದರು. 2020ರಲ್ಲಿ ಆ ಬುದ್ಧಿ ಕಮ್ಮಿಯ ಅಂಕಿ ತೆಗೆದುಹಾಕಿದರು. ಹುಟ್ಟಿನಿಂದ ಬರುವ ಅಂಕಿಯನ್ನು ಆಡುವವರು ತಮಗೆ ಬೇಕಾದ ಶಕ್ತಿಗೆ ಬದಲಾಯಿಸಿಕೊಳ್ಳಬಹುದು ಅಂತ ಹೊಸ ಪುಸ್ತಕದಲ್ಲಿ ದಾರಿ ಬಿಟ್ಟರು. 2024ರ ಪುಸ್ತಕದಲ್ಲಿ ‘ರೇಸ್’ ಅನ್ನುವ ಮಾತನ್ನೇ ಕೈಬಿಟ್ಟು ‘ಸ್ಪೀಷೀಸ್’ ಅಂದರು. ಹೆಚ್ಚುವರಿ ಅಂಕಿಯನ್ನು ಹುಟ್ಟಿನಿಂದ ಬಿಡಿಸಿದರು. ನಿಯಮ ದೇವರು ಬರೆದದ್ದಲ್ಲ, ಬರೆದವರನ್ನು ಕೇಳಿದರೆ ಬದಲಾಗುತ್ತದೆ. ಇಷ್ಟು ಕಂಡು ನಮಗೆ ಸಂತೋಷವಾಯಿತು.

ಆದರೆ ಮುಂದಿನ ಪುಟ ತಿರುವಿ. ಹುಟ್ಟಿನಿಂದ ಬಿಡಿಸಿ ಎಲ್ಲಿಗೆ ಕಟ್ಟಿದರು? ಕಸುಬಿಗೆ. ಪಾತ್ರದ ಹಿನ್ನೆಲೆ ಅಂತ 16 ಇವೆ. ಒಂದೊಂದಕ್ಕೂ ಮೂರು ಮೂರು ಶಕ್ತಿ ಗೊತ್ತುಮಾಡಿದ್ದಾರೆ, ಹೆಚ್ಚುವರಿ ಅಂಕಿ ಆ ಮೂರಕ್ಕೇ ಹೋಗಬೇಕು. ರೈತನಿಗೆ ಬಲ, ತಾಳಿಕೆ, ವಿವೇಕ. ಕೈಚಳಕ ಇಲ್ಲ. ಬರಹಗಾರನಿಗೆ ಕೈಚಳಕ, ಬುದ್ಧಿ, ವಿವೇಕ. ಅಮೆರಿಕದಲ್ಲಿ ಹುಟ್ಟು ಬೇರೆ ಕಸುಬು ಬೇರೆ ಇದ್ದೀತು. ಹುಟ್ಟಿಗೇ ಕಸುಬು ಕಟ್ಟಿದ ನಾಡಿನಲ್ಲಿ ಕೂತು ಓದಿದರೆ ಹಳೇ ಗೂಟವನ್ನು ಎರಡು ಮಾರು ಆಚೆ ನೆಟ್ಟಂತೆ ಕಾಣುತ್ತದೆ. ಪಿರಿಯಾಪಟ್ಟಣದ ಹುಡುಗಿಗೆ ರೇಗಿಹೋಯಿತು. “ರೈತಂಗೆ ಕೈಚಳಕ ಇಲ್ವಂತಾ? ನಮ್ಮವ್ವ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಹೊಗೆಸೊಪ್ಪು ಕಟ್ಟೋದನ್ನ ಬಂದು ನೋಡ್ಲಿ ಅವ್ರು. ಕಣ್ಣಿಗೆ ಕೈ ಕಾಣಕಿಲ್ಲ, ಅಂಗೆ ಕಟ್ತಾಳೆ” ಅಂದಳು.

ಹೊಸ ಹಿನ್ನೆಲೆ ಕಟ್ಟಿಕೊಳ್ಳುವ ಬಗೆಯನ್ನು ಆಟ ನಡೆಸುವವರ 2024ರ ಪುಸ್ತಕವೇ ಹೇಳುತ್ತದೆ. ನಾವು ಕೂತು ಮೂರು ಕಟ್ಟಿದೆವು. ‘ಸೊಪ್ಪು ಕಟ್ಟುವವಳು’: ಕೈಚಳಕ, ತಾಳಿಕೆ, ಬುದ್ಧಿ. ‘ಜೇನು ಇಳಿಸುವವನು’: ಕೈಚಳಕ, ತಾಳಿಕೆ, ವಿವೇಕ. ‘ತಮಟೆಯವನು’: ಬಲ, ಕೈಚಳಕ, ವರ್ಚಸ್ಸು. ಬುದ್ಧಿ ಹಾಕಬೇಕೋ ಬೇಡವೋ ಅಂತ ಒಂದು ಗಂಟೆ ಜಗಳ ಆಯಿತು. ಕಸುಬಿಗೆ ಹೆಮ್ಮೆ ಕೊಡೋದೂ ಕಸುಬಿಗೆ ಕಟ್ಟಿಹಾಕಿದ ಹಾಗೇ ಅಲ್ಲವಾ ಅಂತ ಒಬ್ಬ ಮೇಷ್ಟ್ರು ಕೇಳಿದರು. ನ್ಯಾಯವಾದ ಪ್ರಶ್ನೆ. ಕೊನೆಗೆ ತೀರ್ಮಾನ ಮಾಡಿದ್ದು ಇಷ್ಟು: ಪಾತ್ರ ತನ್ನ ಕಸುಬು ಹೇಳಬಹುದು, ಹೇಳದೆಯೂ ಇರಬಹುದು. ಯಾವ ಶಕ್ತಿಗೆ ಅಂಕಿ ಹಾಕಬೇಕು ಅನ್ನೋದನ್ನು ಆಡುವವರೇ ಆರಿಸಬೇಕು, ಹುಟ್ಟೂ ಆರಿಸಬಾರದು, ಕಸುಬೂ ಆರಿಸಬಾರದು. ಹಾಡಿಯ ಹುಡುಗ ಜೇನು ಇಳಿಸುವವನನ್ನು ಬಿಟ್ಟು ತನ್ನ ಪಾತ್ರಕ್ಕೆ ಬುದ್ಧಿ 15 ಹಾಕಿಕೊಂಡ. “ಕಾಡಿನ ಹುಡುಗ ಅಂದ್ರೆ ಬಿಲ್ಲೇ ಹಿಡೀಬೇಕಾ?” ಅಂದ. ಯಾರೂ ಎದುರಾಡಲಿಲ್ಲ.

ಆಟದ ಇನ್ನೊಂದು ನಿಯಮ ಹೇಳಿ ಮುಗಿಸಬೇಕು. ಈ ಬರಹಕ್ಕೆ ಕಾರಣವೇ ಅದು. ದೂರದ ಆಯುಧ ಹಿಡಿದವನಿಂದ ಐದಡಿ ಒಳಗೆ ಎದುರಾಳಿ ಬಂದು ನಿಂತರೆ, ಬಾಣ ಬಿಡುವವನು ಇಪ್ಪತ್ತು ಮುಖದ ದಾಳ ಎರಡು ಸಲ ಹಾಕಿ ಕಮ್ಮಿ ಬಿದ್ದದ್ದನ್ನೇ ತಗೋಬೇಕು. ಅಂದರೆ 600 ಅಡಿ ದೂರಕ್ಕೆ ಹೊಡೆಯಬಲ್ಲವನ ಕೈ ಐದಡಿಯಲ್ಲಿ ನಡುಗುತ್ತದೆ. ದೂರವನ್ನೇ ನಂಬಿ ಬದುಕಿದವನ ಭಯ ಹತ್ತಿರ. ಅಂಬೇಡ್ಕರ್ 1927ರ ಮಾರ್ಚ್ 20ರಂದು ಜನರನ್ನು ಕರೆದುಕೊಂಡು ಮಹಾಡದ ಚೌದಾರ್ ಕೆರೆಗೆ ನಡೆದು ನೀರು ಮುಟ್ಟಿದರಲ್ಲ, ಆ ನಡಿಗೆ ಈ ಐದಡಿಯ ಒಳಗೆ ಹೋಗುವ ನಡಿಗೆಯೇ. ಅಲ್ಲಿ ಕೈಯಲ್ಲಿ ಆಯುಧವಿರಲಿಲ್ಲ. ದೂರ ಮುರಿದದ್ದೇ ಸಾಕಾಯಿತು. ಎದುರಿನವರಿಗೆ ಎಷ್ಟು ಭಯವಾಯಿತು ಅನ್ನೋದಕ್ಕೆ ಆವತ್ತು ಅವರ ಮೇಲೆ ಬಿದ್ದ ದೊಣ್ಣೆಗಳೇ ಸಾಕ್ಷಿ.

ಕವಣೆ ಹಿಡಿದ ನಮಗೂ ಇದೇ ನಿಯಮ. ಹಾಗಾಗಿ ಒಬ್ಬರೇ ನಿಂತು ಬೀಸೋದು ಸಾಲದು. ನಮ್ಮ ಆಟದಲ್ಲಿ ಇಬ್ಬರು ಮುಂದೆ ನುಗ್ಗಿ ಬಿಲ್ಲುಗಾರನ ಮಗ್ಗುಲಿಗೇ ನಿಂತರು. ಹಾಡಿಯ ಹುಡುಗ ದಾರಿ ಲೆಕ್ಕ ಹಾಕಿಕೊಟ್ಟ. ದೊಡ್ಡಪ್ಪ ಹಿಂದಿನಿಂದ ಕಲ್ಲು ಬೀರಿದ. ಉದ್ದಬಿಲ್ಲು ಕೊಂಡ ಹುಡುಗನ ಬಾಣ ನಾಲ್ಕನೇ ಸುತ್ತಿಗೆ ಖಾಲಿ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಈ ಆಟಕ್ಕೆ ದುಡ್ಡು ಬೇಕಾಗಿಲ್ಲ. ಮೂಲ ನಿಯಮಗಳ ಒಂದು ಭಾಗವನ್ನು 2023ರಿಂದ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಮೂಲದವರ ಹೆಸರು ಹೇಳಿ ಕನ್ನಡಕ್ಕೂ ತರಬಹುದು. ಇಪ್ಪತ್ತು ಮುಖದ ದಾಳ ಇಲ್ಲದಿದ್ದರೆ 1ರಿಂದ 20ರವರೆಗೆ ಚೀಟಿ ಬರೆದು ಲೋಟಕ್ಕೆ ಹಾಕಿ ಎತ್ತಿಸಿ, ಎತ್ತಿದ ಚೀಟಿ ಮತ್ತೆ ಲೋಟಕ್ಕೇ ಹಾಕಿ. ಮಕ್ಕಳಿಗೆ ಮೊದಲು ಶಕ್ತಿ ಹಂಚಿಕೊಳ್ಳಲು ಹೇಳಿ, ಆಯುಧ ಆಮೇಲೆ. ಕೂಲಿಯವರ ಮಗಳು ತನಗೆ ಬುದ್ಧಿ 8 ಹಾಕಿಕೊಂಡರೆ ಪೆನ್ಸಿಲ್ ಕಿತ್ತುಕೊಂಡು ತಿದ್ದಬೇಡಿ. ಪಕ್ಕದಲ್ಲಿ ಕೂತು, ಯಾಕವ್ವ ಇಷ್ಟೇ ಹಾಕಿಕೊಂಡೆ, ಇದನ್ನು ನಿಂಗೆ ಯಾರು ಹೇಳಿದ್ರು ಅಂತ ಕೇಳಿ. ಅವಳು ಹೇಳೋದನ್ನು ಬರೆದಿಟ್ಟುಕೊಳ್ಳಿ.